ಗ್ರಂಥಕ್ಕೊಂದು ವ್ಯಾಸಪೀಠ ಅಂಟಿಸಬೇಕೇ?

ಮದುವೆ ವಿಡಿಯೊ ಮಾಡುವ ಸ್ಟುಡಿಯೊ ಇರಲಿ, ಬೆಳಗಿನವರೆಗೆ ಕೂತು ಯಕ್ಷಗಾನ ಚಿತ್ರೀಕರಿಸುವ ಹವ್ಯಾಸಿ ಇರಲಿ, ಮಕ್ಕಳ ಫೋಟೊಗಳನ್ನು ಜೋಪಾನ ಮಾಡಬೇಕೆಂದಿರುವ ಮನೆಯವರಿರಲಿ, ಕಂಪ್ಯೂಟರಿನಲ್ಲಿ ಜಾಗ ಮುಗಿದ ದಿನ ಎಲ್ಲರೂ ಮಾಡುವುದು ಒಂದೇ: ಅಂಗಡಿಗೆ ಹೋಗಿ ಇನ್ನೊಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತರುವುದು. ಕೆಲವೇ ವರ್ಷಗಳಲ್ಲಿ ಮೇಜಿನ ಖಾನೆಯಲ್ಲಿ ಕಪ್ಪು ಪೆಟ್ಟಿಗೆಗಳು ಹತ್ತಾಗುತ್ತವೆ, ಅವುಗಳ ಕೇಬಲ್‌ಗಳು ಒಂದಕ್ಕೊಂದು ಸುತ್ತಿಕೊಂಡಿರುತ್ತವೆ, ಯಾವುದರಲ್ಲಿ ಏನಿದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಆದರೂ ಈ ಪದ್ಧತಿಯನ್ನು ಯಾರೂ ಅನುಮಾನಿಸುವುದಿಲ್ಲ. ಪೆಟ್ಟಿಗೆಯಲ್ಲಿ ಬಂದ ಡಿಸ್ಕ್ ಭದ್ರ, ಕಂಪ್ಯೂಟರಿನ ಒಳಗೆ ಕೂರಬೇಕಾದ ಬರಿ ಡಿಸ್ಕನ್ನು ಹೊರಗಿಟ್ಟುಕೊಂಡು, ಡಿಸ್ಕ್ ಕೂರಿಸಿ ಓದುವ ಸಾಧನವಾದ ಡಾಕ್‌ಗೆ ಸಿಕ್ಕಿಸಿ ಬಳಸುವುದು ರಿಪೇರಿಯವರ ಕೆಲಸ ಎಂಬ ಮಾತು ಅಂಗಡಿಯ ಕೌಂಟರಿನಲ್ಲೂ ಕೇಳಿಸುತ್ತದೆ, ತಿಳಿದವರ ಬಾಯಲ್ಲೂ ಕೇಳಿಸುತ್ತದೆ. ಈ ಮಾತು ತಪ್ಪು. ವರ್ಷಗಟ್ಟಲೆ ಉಳಿಯಬೇಕಾದ ದಾಖಲೆಗೆ ಪೆಟ್ಟಿಗೆಯ ಡಿಸ್ಕ್ ಎರಡನೆಯ ದರ್ಜೆಯ ಆಯ್ಕೆ. ಬರಿ ಡಿಸ್ಕುಗಳು, ಅವನ್ನು ಓದಲು ಒಂದು ಡಾಕ್ ಅಥವಾ ಕಂಪ್ಯೂಟರಿನ ಮುಂಭಾಗದಲ್ಲೇ ಡಿಸ್ಕ್ ತೂರಿಸುವ ಖಾನೆ: ಸಾಮಾನ್ಯರಿಗೂ ಇದೇ ಸರಿಯಾದ ದಾರಿ.

ಹಳೆಯ ಮನೆಗಳಲ್ಲಿ, ಮಠಗಳಲ್ಲಿ ಗ್ರಂಥ ಓದಲು ಮಡಚುವ ವ್ಯಾಸಪೀಠ ಇರುತ್ತಿತ್ತು. ಪೀಠ ಒಂದು, ಅದರ ಮೇಲೆ ಬಂದು ಕೂರುವ ಗ್ರಂಥ ಹಲವು. ಪೀಠದ ಕೀಲು ಸಡಿಲವಾದರೆ ಬಡಗಿ ಬೇರೊಂದು ಮಾಡಿಕೊಡುತ್ತಿದ್ದ. ಗ್ರಂಥಕ್ಕೆ ಏನೂ ಆಗುತ್ತಿರಲಿಲ್ಲ. ಓದಿಗೆ ಒದಗುವ ಸಾಧನ ಸವೆಯುವ ವೇಗ ಬೇರೆ, ಓದಬೇಕಾದ ವಸ್ತು ಬಾಳುವ ಅವಧಿ ಬೇರೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಕಂಪ್ಯೂಟರ್ ಲೋಕವೂ ಇದನ್ನು ಬೇಗನೆ ಕಂಡುಕೊಂಡಿತ್ತು. ಐಬಿಎಂ 1956ರಲ್ಲಿ ತಂದ ಮೊದಲ ಡಿಸ್ಕ್ ಸಾಧನದ 50 ತಟ್ಟೆಗಳು ಯಂತ್ರಕ್ಕೇ ಕಟ್ಟುಬಿದ್ದಿದ್ದವು. 1962ರ ಹೊತ್ತಿಗೆ ಅದೇ ಕಂಪನಿ 1311 ಎಂಬ ಯಂತ್ರ ತಂದು ತಟ್ಟೆಗಳ ಕಟ್ಟನ್ನು ಎತ್ತಿ ಬೇರೆ ಕಟ್ಟು ಇಡುವ ಅನುಕೂಲ ಮಾಡಿಕೊಟ್ಟಿತು. 1973ರ 3340 ಯಂತ್ರದಲ್ಲಿ ತಟ್ಟೆ, ಓದುವ ತಲೆ ಎರಡನ್ನೂ ಧೂಳು ಹೋಗದಂತೆ ಒಂದೇ ಪೊಟ್ಟಣದಲ್ಲಿ ಮುಚ್ಚಿ, ಆ ಪೊಟ್ಟಣವನ್ನು ಯಂತ್ರದಿಂದ ತೆಗೆದಿಡುವಂತೆ ಮಾಡಲಾಯಿತು. ಇಂದಿನ ಹಾರ್ಡ್ ಡಿಸ್ಕಿನ ಮೂಲ ಅಲ್ಲೇ ಇದೆ. ಡಾಕ್‌ಗೆ ಡಿಸ್ಕ್ ಸಿಕ್ಕಿಸುವವನು ಹೊಸದೇನನ್ನೂ ಮಾಡುತ್ತಿಲ್ಲ. ಗ್ರಂಥಕ್ಕೊಂದು ಪೀಠ ಅಂಟಿಸಿ ಮಾರುವ ಪದ್ಧತಿಯೇ ನಡುವೆ ಬಂದದ್ದು.

ಆ ಪೆಟ್ಟಿಗೆಯೊಳಗೆ ಏನಿದೆ ನೋಡೋಣ. ಮೇಜಿನ ಮೇಲಿಡುವ ದೊಡ್ಡ ಎಕ್ಸ್‌ಟರ್ನಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಕಂಪ್ಯೂಟರಿನೊಳಗೆ ಹಾಕುವಂಥದೇ ಮೂರೂವರೆ ಇಂಚಿನ ಸಾಟಾ ಡಿಸ್ಕ್. ಅದರ ತುದಿಗೆ ಯುಎಸ್‌ಬಿ ಭಾಷೆಯನ್ನು ಸಾಟಾ ಭಾಷೆಗೆ ತರ್ಜುಮೆ ಮಾಡುವ ಒಂದು ಚಿಕ್ಕ ಬೋರ್ಡು, ಸುತ್ತ ಪ್ಲಾಸ್ಟಿಕ್. ಡಿಸ್ಕಿಗೆ ಎರಕದ ಅಲ್ಯೂಮಿನಿಯಮ್ಮಿನ ಮೈ ಆಗಲೇ ಇದೆ. ಪ್ಲಾಸ್ಟಿಕ್ ಅದಕ್ಕೆ ಸೇರಿಸುವ ರಕ್ಷಣೆ ಅಲ್ಪ. ಸೇರಿಸುವ ತೊಂದರೆ ಮಾತ್ರ ಹೆಚ್ಚು. ಫ್ಯಾನ್ ಇಲ್ಲದ ಮುಚ್ಚಿದ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಕಾಪಿ ನಡೆದರೆ ಡಿಸ್ಕಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಕೇಬಲನ್ನು ದಿನವೂ ಸಿಕ್ಕಿಸಿ ಕೀಳುವ ಪೋರ್ಟು ಆ ಬೋರ್ಡಿನ ಮೇಲೇ ಇದೆ; ಅದರ ಬೆಸುಗೆ ಬಿಟ್ಟರೆ ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ಕಂಪ್ಯೂಟರಿಗೆ ಕಾಣುವುದಿಲ್ಲ. ಜೇಬಿನಲ್ಲಿ ಹೋಗುವ ಎರಡೂವರೆ ಇಂಚಿನವುಗಳ ಸ್ಥಿತಿ ಇನ್ನೂ ಕಷ್ಟ. ಕೆಲವು ತಯಾರಕರು ಅವುಗಳಲ್ಲಿ ಸಾಟಾ ಕನೆಕ್ಟರನ್ನೇ ಇಡುವುದಿಲ್ಲ, ಯುಎಸ್‌ಬಿ ಪೋರ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ. ಪೆಟ್ಟಿಗೆ ಒಡೆದು ಡಿಸ್ಕ್ ಹೊರಗೆ ತೆಗೆದರೂ ಬೇರೆಲ್ಲೂ ಸಿಕ್ಕಿಸಲು ಬರುವುದಿಲ್ಲ. ಕೆಲವು ರೂಪಾಯಿಯ ಪೋರ್ಟು ಕಿತ್ತುಹೋದ ಕಾರಣಕ್ಕೆ ಡಾಟಾ ರಿಕವರಿಯವರ ಬಾಗಿಲು ತಟ್ಟಿ ಸಾವಿರಾರು ರೂಪಾಯಿ ತೆರಬೇಕಾಗುತ್ತದೆ.

ಇದಕ್ಕಿಂತ ಗಂಭೀರವಾದ ಸಂಗತಿ ಗೂಢಲಿಪಿಯದು. ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಪಾಸ್‌ಪೋರ್ಟ್, ಮೈ ಬುಕ್ ಸರಣಿಯ ಹಲವು ಮಾದರಿಗಳಲ್ಲಿ ಆ ತರ್ಜುಮೆಯ ಚಿಪ್ಪೇ ಪ್ರತಿಯೊಂದು ಅಕ್ಷರವನ್ನೂ ಗೂಢಲಿಪಿಗೆ ತಿರುಗಿಸಿ ಡಿಸ್ಕಿಗೆ ಬರೆಯುತ್ತದೆ. ಬಳಸುವವರು ಪಾಸ್‌ವರ್ಡ್ ಇಟ್ಟಿರಲಿ ಬಿಡಲಿ, ಬರೆಯುವುದು ಹಾಗೆಯೇ. ಮೂವರು ಸಂಶೋಧಕರು ಈ ಸರಣಿಯನ್ನು ಬಿಡಿಸಿ ನೋಡಿ 2015ರಲ್ಲಿ ಪ್ರಬಂಧ ಪ್ರಕಟಿಸಿದರು; ಭದ್ರತೆಯ ದೃಷ್ಟಿಯಿಂದಲೂ ಆ ಏರ್ಪಾಟಿನಲ್ಲಿ ದೊಡ್ಡ ಬಿರುಕುಗಳಿವೆ ಎಂದು ಅವರು ತೋರಿಸಿದರು. ಮನೆಯವರ ಮಟ್ಟಿಗೆ ಇದರ ಅರ್ಥ ಇಷ್ಟು: ತಾವು ಕೇಳದ ಬೀಗವೊಂದನ್ನು ತಮ್ಮ ಫೋಟೊಗಳಿಗೆ ಯಾರೋ ಹಾಕಿದ್ದಾರೆ, ಬೀಗ ತೆಗೆಯುವ ಸಲಕರಣೆ ಆ ಚಿಕ್ಕ ಬೋರ್ಡಿನಲ್ಲಿದೆ, ಬೋರ್ಡು ಸುಟ್ಟರೆ ಆರೋಗ್ಯವಾಗಿರುವ ಡಿಸ್ಕಿನಿಂದಲೂ ಓದಲು ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ. ಖಾಸಗಿತನ ಬೇಕಾದವರು ಬರಿ ಡಿಸ್ಕಿನ ಮೇಲೂ ಸಾಫ್ಟ್‌ವೇರಿನಿಂದ ಗೂಢಲಿಪಿ ಹಾಕಿಕೊಳ್ಳಬಹುದು. ಆಗ ಕೀಲಿಕೈ ಅವರ ಕೈಯಲ್ಲೇ ಇರುತ್ತದೆ, ಡಿಸ್ಕನ್ನು ಯಾವ ಡಾಕಿನಲ್ಲಿಟ್ಟರೂ ತೆರೆಯುತ್ತದೆ.

ಪೆಟ್ಟಿಗೆ ಇನ್ನೂ ಒಂದು ಕೆಲಸ ಮಾಡುತ್ತದೆ, ಒಳಗಿರುವುದೇನು ಎಂಬುದನ್ನು ಮರೆಮಾಡುತ್ತದೆ. ಬರಿ ಡಿಸ್ಕ್ ಕೊಳ್ಳುವವರು ಮಾದರಿ ಸಂಖ್ಯೆ ನೋಡಿ, ಅದರ ವಿವರಪತ್ರ ಓದಿ, ವಾರಂಟಿ ಎರಡು ವರ್ಷವೋ ಐದು ವರ್ಷವೋ ತಿಳಿದು ಕೊಳ್ಳಬಹುದು. ಎಕ್ಸ್‌ಟರ್ನಲ್ ಪೆಟ್ಟಿಗೆಯ ಮೇಲೆ ಸಾಮರ್ಥ್ಯವೊಂದು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಅದೇ ಹೆಸರಿನ ಪೆಟ್ಟಿಗೆಯಲ್ಲಿ ಈ ವರ್ಷ ಒಂದು ಡಿಸ್ಕ್, ಮುಂದಿನ ವರ್ಷ ಇನ್ನೊಂದು. ಟ್ರ್ಯಾಕುಗಳನ್ನು ಹೆಂಚಿನಂತೆ ಒಂದರ ಮೇಲೊಂದು ಅರ್ಧ ಹೊದಿಸಿ ಬರೆಯುವ ಎಸ್‌ಎಂಆರ್ ತಂತ್ರವನ್ನೇ ತೆಗೆದುಕೊಳ್ಳಿ. ಸ್ವಲ್ಪ ತಿದ್ದಬೇಕಾದರೂ ಅಕ್ಕಪಕ್ಕದ ದೊಡ್ಡ ಪಟ್ಟಿಯನ್ನೇ ಮತ್ತೆ ಬರೆಯಬೇಕಾದ್ದರಿಂದ ಇಂಥ ಡಿಸ್ಕುಗಳು ಭಾರಿ ಕಾಪಿಯ ನಡುವೆ ತೀರ ನಿಧಾನವಾಗಿಬಿಡುತ್ತವೆ. ಬರಿ ಡಿಸ್ಕುಗಳಲ್ಲೂ ಇದನ್ನು ಹೇಳದೆ ಮಾರಿದ್ದುಂಟು. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ ಕೆಲವು ಡಿಸ್ಕುಗಳಲ್ಲಿ ಈ ತಂತ್ರ ಇದೆಯೆಂದು 2020ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಆದರೆ ಒಪ್ಪಿಕೊಳ್ಳುವಂತೆ ಮಾಡಿದ್ದು ಏನು? ಕೊಂಡವರ ಕೈಯಲ್ಲಿ ಮಾದರಿ ಸಂಖ್ಯೆ ಇತ್ತು, ಒಬ್ಬರ ಅನುಭವವನ್ನು ಇನ್ನೊಬ್ಬರ ಅನುಭವದ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಿತ್ತು. ಮುಚ್ಚಿದ ಪೆಟ್ಟಿಗೆಯ ಗ್ರಾಹಕನಿಗೆ ಆ ಹಿಡಿಕೆಯೂ ಇಲ್ಲ. ನಂಬಲಾಗದ ಅಗ್ಗದ ಬೆಲೆಗೆ 16 ಟಿಬಿ ಎಂದು ಆನ್‌ಲೈನಿನಲ್ಲಿ ಮಾರಾಟವಾದ ಪೆಟ್ಟಿಗೆಗಳನ್ನು ಒಡೆದಾಗ ಒಳಗೆ ಚಿಕ್ಕ ಮೆಮೊರಿ ಕಾರ್ಡುಗಳನ್ನು ಅಂಟಿಸಿಟ್ಟದ್ದು ಸಿಕ್ಕ ಸುದ್ದಿಗಳೂ ಬಂದಿವೆ. ಬರಿ ಡಿಸ್ಕಿನ ರೂಪದಲ್ಲಿ ಈ ಮೋಸ ಮಾಡುವುದು ಅಷ್ಟು ಸುಲಭವಲ್ಲ.

ಡಿಸ್ಕನ್ನೇ ಉಸಿರಾಗಿಸಿಕೊಂಡವರು ಪೆಟ್ಟಿಗೆಗೆ ಎಷ್ಟು ಬೆಲೆ ಕೊಡುತ್ತಾರೆಂದು ತಿಳಿಯಲು ಒಂದು ಪ್ರಸಂಗ ಸಾಕು. 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಕಾರ್ಖಾನೆಗಳು ಮುಳುಗಿ, ಬರಿ ಡಿಸ್ಕಿನ ಬೆಲೆ ಏಕಾಏಕಿ ಏರಿತು. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಬ್ಯಾಕಪ್ ಕಂಪನಿಯವರು ಆಗ ಅಂಗಡಿ ಅಂಗಡಿ ಸುತ್ತಿ, ಗೆಳೆಯರು ನೆಂಟರನ್ನೂ ಕಳಿಸಿ ಎಕ್ಸ್‌ಟರ್ನಲ್‌ಗಳನ್ನು ಕೊಂಡು ತಂದರು. ತಂದವರು ಮೊದಲು ಮಾಡಿದ ಕೆಲಸ ಪೆಟ್ಟಿಗೆಯನ್ನು ಸುಲಿದು ಎಸೆದು ಡಿಸ್ಕನ್ನು ಮಾತ್ರ ತಮ್ಮ ಯಂತ್ರಗಳಿಗೆ ಹಾಕಿದ್ದು. ಇದೇ ಕಂಪನಿ 2013ರಿಂದ ತನ್ನ ಡಿಸ್ಕುಗಳ ಸಾವಿನ ಲೆಕ್ಕವನ್ನು ಮಾದರಿವಾರು ಪ್ರಕಟಿಸುತ್ತ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಒಟ್ಟಾರೆ ವರ್ಷಕ್ಕೆ ನೂರಕ್ಕೆ ಒಂದರಿಂದ ಎರಡು ಡಿಸ್ಕ್ ಹೋಗುತ್ತವೆ. ಡಾಕ್ ಕೊಂಡವರ ಡಿಸ್ಕುಗಳಿಗೂ ಈ ಸಾವು ತಪ್ಪಿದ್ದಲ್ಲ. ಡಿಸ್ಕಿನದೇ ಮೋಟರು ನಿಂತರೆ, ತಲೆ ತಟ್ಟೆಗೆ ತಾಗಿದರೆ ಡಾಕ್ ಏನೂ ಮಾಡಲಾರದು. ಡಿಸ್ಕಿಗೆ ತಾನಾಗಿ ಬರುವ ಸಾವಿನ ಮೇಲೆ ಬೋರ್ಡಿನದು, ಪೋರ್ಟಿನದು, ಅಡಾಪ್ಟರಿನದು ಎಂದು ಇನ್ನಷ್ಟು ಸಾವುಗಳನ್ನು ಹಣ ಕೊಟ್ಟು ತರಬೇಡಿ ಎಂಬಲ್ಲಿಗೆ ನನ್ನ ವಾದ ನಿಲ್ಲುತ್ತದೆ.

ಕಾಲದ ಲೆಕ್ಕವನ್ನೂ ನೋಡಬೇಕು. ಸಾಟಾ ಕನೆಕ್ಟರ್ 2003ರಲ್ಲಿ ಬಂತು. ಅಂದಿನ ಮೂರೂವರೆ ಇಂಚಿನ ಡಿಸ್ಕನ್ನು ಇಂದು ಕೊಂಡ ಡಾಕಿಗೆ ಸಿಕ್ಕಿಸಿದರೆ ಕೂರುತ್ತದೆ. ಇಂದು ಬರುವ 20 ಟಿಬಿ ಡಿಸ್ಕಿನ ಹಿಂಭಾಗದಲ್ಲೂ ಅದೇ ಆಕಾರ. ಈ ಅವಧಿಯಲ್ಲಿ ಎಕ್ಸ್‌ಟರ್ನಲ್ ಪೆಟ್ಟಿಗೆಗಳ ಬೆನ್ನಿನ ಮೇಲೆ ಮಿನಿ ಯುಎಸ್‌ಬಿ ಬಂದು ಹೋಯಿತು, ಫೈರ್‌ವೈರ್ ಬಂದು ಹೋಯಿತು, ಇಸಾಟಾ ಬಂದು ಹೋಯಿತು, ಅಗಲ ಬಾಯಿಯ ಮೈಕ್ರೊ ಬಿ ಬಂದು ಹೋಗುವ ಹಾದಿಯಲ್ಲಿದೆ, ಟೈಪ್ ಸಿ ಈಗ ಆಳುತ್ತಿದೆ. ಪೆಟ್ಟಿಗೆ ನಂಬಿದವರು ಪ್ರತಿ ಬದಲಾವಣೆಗೂ ಹೊಸ ಕೇಬಲು ಹುಡುಕಬೇಕು; ಡಾಕ್ ಇಟ್ಟುಕೊಂಡವರು ಒಂದು ಡಾಕ್ ಬದಲಿಸಿದರೆ ಮೂವತ್ತು ಡಿಸ್ಕುಗಳೂ ಹೊಸ ಕಂಪ್ಯೂಟರಿಗೆ ಹೊಂದಿಕೊಳ್ಳುತ್ತವೆ.

ಬರಿ ಡಿಸ್ಕ್ ನಾಜೂಕಿನದು, ಕೈ ತಾಗಿದರೆ ಕೆಡುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ, ಅದರಲ್ಲಿ ಸ್ವಲ್ಪ ಹುರುಳಿದೆ. ಹಸಿರು ಬೋರ್ಡು ಒಂದು ಬದಿಯಲ್ಲಿ ತೆರೆದೇ ಇರುತ್ತದೆ. ಒಣ ಹವೆಯ ಬೇಸಿಗೆಯಲ್ಲಿ, ಬಳ್ಳಾರಿ ರಾಯಚೂರಿನ ಕಡೆ ವಿಶೇಷವಾಗಿ, ಮೈಯಲ್ಲಿ ಕೂಡಿದ ಸ್ಥಿರವಿದ್ಯುತ್ತು ಬೆರಳಿನಿಂದ ಚಿಪ್ಪಿಗೆ ಹಾರಬಹುದು. ಅಂಚು ಹಿಡಿದು ಎತ್ತುವುದು, ಅದಕ್ಕೆ ಮೊದಲು ಲೋಹದ ವಸ್ತು ಮುಟ್ಟುವುದು, ಬಳಸದಾಗ ಪ್ಲಾಸ್ಟಿಕ್ ಡಬ್ಬಿಯಲ್ಲಿಡುವುದು, ಇಷ್ಟು ರೂಢಿಯಾದರೆ ಸಾಕು. ಫಿಲಂ ನೆಗೆಟಿವ್ ಹಿಡಿಯುವುದನ್ನು, ಗ್ರಾಮಫೋನ್ ತಟ್ಟೆ ಹಿಡಿಯುವುದನ್ನು ಕಲಿತ ನಾಡಿಗೆ ಇದು ದೊಡ್ಡ ವಿದ್ಯೆಯಲ್ಲ. ಬೀಳುವ ಭಯದ ಮಾತಿಗೆ ತಯಾರಕರ ವಿವರಪತ್ರಗಳೇ ಉತ್ತರ ಕೊಡುತ್ತವೆ. ಮೂರೂವರೆ ಇಂಚಿನ ಡಿಸ್ಕ್ ತಿರುಗುತ್ತಿರುವಾಗ ತಡೆಯುವ ಆಘಾತ ಸಾಮಾನ್ಯವಾಗಿ 70 ಜಿ (ಗುರುತ್ವದ 70 ಪಟ್ಟು) ಆಸುಪಾಸು, ನಿಂತಿರುವಾಗ 250 ಜಿ ಅಥವಾ ಅದಕ್ಕೂ ಹೆಚ್ಚು. ತಲೆ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಹಾರುತ್ತಿರುವಾಗಲೇ ಅಪಾಯ. ನಿಂತ ಡಿಸ್ಕಿನಲ್ಲಿ ಅದು ಪಕ್ಕಕ್ಕೆ ಸರಿದು ಮಲಗಿರುತ್ತದೆ. ಓಡುತ್ತಿರುವ ಎಕ್ಸ್‌ಟರ್ನಲ್ ಪೆಟ್ಟಿಗೆಯ ಕೇಬಲ್ ಕಾಲಿಗೆ ಸಿಕ್ಕಿ ಅದು ಮೇಜಿನಿಂದ ಉರುಳುವುದಕ್ಕಿಂತ ದೊಡ್ಡ ಅಪಾಯ ಕಪಾಟಿನಲ್ಲಿ ಸುಮ್ಮನೆ ಮಲಗಿದ ಡಿಸ್ಕಿಗಿಲ್ಲ.

ಇನ್ನೊಂದು ಆಕ್ಷೇಪ ಕನೆಕ್ಟರಿನ ಸವಕಳಿಯದು. ಎತ್ತುವವರು ಕಡಿಮೆ, ಆದರೆ ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಸಾಟಾ ನಿಯಮಾವಳಿ ಕಂಪ್ಯೂಟರಿನೊಳಗಿನ ಕೇಬಲ್ ಸಂಪರ್ಕಕ್ಕೆ ಬರೀ 50 ಸಲ ಸಿಕ್ಕಿಸಿ ಕೀಳುವ ಬಾಳಿಕೆ ಹೇಳುತ್ತದೆ. ಖಾನೆಗಳಲ್ಲಿ ಬಳಸುವ ಬ್ಯಾಕ್‌ಪ್ಲೇನ್ ಮಾದರಿಗೆ 500. ಟೈಪ್ ಸಿ ಪೋರ್ಟಿಗೆ ಇದು 10,000. ಹೀಗಿರುವಾಗ ಸಾಟಾ ಡಿಸ್ಕನ್ನು ಪೆನ್ ಡ್ರೈವಿನಂತೆ ದಿನಕ್ಕೆ ನಾಲ್ಕು ಸಲ ಕಿತ್ತು ಹಾಕುವವರಿಗೆ ಡಾಕ್ ಸಲ್ಲದು ಎಂದು ಒಪ್ಪುತ್ತೇನೆ. ಆದರೆ ನಾನು ಹೇಳುತ್ತಿರುವುದು ಇಟ್ಟುಕೊಳ್ಳುವ ದಾಖಲೆಯ ವಿಷಯ. ವಾರಕ್ಕೊಮ್ಮೆ ಸಿಕ್ಕಿಸಿದರೂ 500 ಸಲವಾಗಲು ಒಂಬತ್ತು ವರ್ಷಕ್ಕೂ ಹೆಚ್ಚು ಬೇಕು. ಅಷ್ಟು ವರ್ಷ ಒಂದೇ ಡಿಸ್ಕನ್ನು ನಂಬಿ ಕೂರುವುದೇ ತಪ್ಪು. ಹೆಚ್ಚು ಓಡಾಟವಿರುವ ಕಡೆ ಟ್ರೇ ಇರುವ ಖಾನೆ ಬಳಸುತ್ತಾರೆ. ಅದರಲ್ಲಿ ಡಿಸ್ಕ್ ಟ್ರೇಗೆ ಒಂದೇ ಸಲ ಸೇರುತ್ತದೆ, ಸವಕಳಿಯೆಲ್ಲ ಟ್ರೇಯ ಹೊರಗಿನ ಗಟ್ಟಿ ಕನೆಕ್ಟರಿಗೆ. ಚಿತ್ರಮಂದಿರಗಳಿಗೆ ಡಿಜಿಟಲ್ ಸಿನಿಮಾ ಕಳಿಸುವ ವ್ಯವಸ್ಥೆ ಈ ತತ್ವದ ಮೇಲೆಯೇ ನಿಂತಿತು. ಈಗ ಉಪಗ್ರಹ, ಇಂಟರ್ನೆಟ್ ದಾರಿಗಳೂ ಇವೆ, ಆದರೆ ಡಿಸ್ಕಿನಲ್ಲಿ ಹೋಗುವ ಚಿತ್ರ ಸಿಆರ್‌ಯು ಕಂಪನಿಯ ಡಿಎಕ್ಸ್ 115 ಎಂಬ ಟ್ರೇಯಲ್ಲಿ ಹೋಗುವುದು ಪ್ರಪಂಚದಾದ್ಯಂತ ರೂಢಿಯಾಗಿದೆ. ಕೋಟಿಗಟ್ಟಲೆ ಸುರಿದು ಮಾಡಿದ ಚಿತ್ರವನ್ನು ಖಾನೆಗೆ ತೂರಿಸುವ ಡಿಸ್ಕಿಗೆ ಒಪ್ಪಿಸಬಹುದಾದರೆ ಮದುವೆಯ ಚಿತ್ರಕ್ಕೆ ಅದು ಸಾಲದೇ?

ಡಾಕುಗಳಲ್ಲೂ ದೋಷವಿದೆ, ಅದನ್ನು ಬಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಡ. ಹಳೆಯ ಡಾಕುಗಳು 2 ಟಿಬಿ ದಾಟಿದ ಡಿಸ್ಕನ್ನು ತಪ್ಪಾಗಿ ಅಳೆಯುತ್ತವೆ. ಅಂಥವನ್ನು ಬಿಸಾಡುವುದೇ ಲೇಸು. ಕೆಲವು ಡಾಕುಗಳು ಡಿಸ್ಕಿನ 512 ಬೈಟಿನ ಸೆಕ್ಟರುಗಳನ್ನು ಕಂಪ್ಯೂಟರಿಗೆ 4096 ಬೈಟಿನವು ಎಂದು ತೋರಿಸುತ್ತವೆ. ಅಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಬೇರೆ ಕಡೆ ಹಾಕಿದರೆ ಖಾಲಿ ಎಂದು ಕಾಣಿಸುತ್ತದೆ, ಗಾಬರಿಯಲ್ಲಿ ಮತ್ತೆ ಫಾರ್ಮ್ಯಾಟ್ ಮಾಡಿದರೆ ಇದ್ದದ್ದೂ ಹೋಗುತ್ತದೆ. ಆದ್ದರಿಂದ ಹೊಸ ಡಾಕ್ ತಂದ ದಿನವೇ ಅದರಲ್ಲಿ ಬರೆದ ಡಿಸ್ಕನ್ನು ಇನ್ನೊಂದು ಡಾಕಿನಲ್ಲಿ ಅಥವಾ ಕಂಪ್ಯೂಟರಿನ ಒಳಗಿನ ಸಾಟಾದಲ್ಲಿ ಓದಿಸಿ ನೋಡಬೇಕು. ಓದಲು ಬರದಿದ್ದರೆ ಆ ಡಾಕನ್ನು ಅಂಗಡಿಗೆ ಹಿಂತಿರುಗಿಸಬೇಕು. ಎರಡು ಡಿಸ್ಕ್ ಕೂರುವ ಡಾಕುಗಳಲ್ಲಿರುವ ಕ್ಲೋನ್ ಬಟನ್ ಇನ್ನೂ ಅಪಾಯದ್ದು. ಮೂಲ ಯಾವ ಖಾನೆಯಲ್ಲಿ, ಪ್ರತಿ ಯಾವ ಖಾನೆಯಲ್ಲಿ ಎಂಬುದು ಅದಲುಬದಲಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕನ್ನು ಅಳಿಸಿಹಾಕುತ್ತದೆ, ಕೇಳುವವರು ಯಾರೂ ಇರುವುದಿಲ್ಲ. ಆ ಬಟನ್ ಇಲ್ಲದ ಡಾಕನ್ನೇ ಕೊಳ್ಳಿ. ಡಿಸ್ಕ್ ನೆಟ್ಟಗೆ ನಿಂತು ತಿರುಗುವ ಡಾಕನ್ನು ಮೇಜಿನ ಅಂಚಿನಲ್ಲಿಡಬೇಡಿ, ಮಲಗಿಸುವಂಥದು ಸಿಕ್ಕರೆ ಇನ್ನೂ ಒಳ್ಳೆಯದು. ಕೀಳುವ ಮೊದಲು ಕಂಪ್ಯೂಟರಿನಲ್ಲಿ ಇಜೆಕ್ಟ್ ಮಾಡಿ, ಡಾಕಿನ ಸ್ವಿಚ್ ಆರಿಸಿ, ತಟ್ಟೆ ನಿಲ್ಲುವವರೆಗೆ ಅರ್ಧ ನಿಮಿಷ ಕಾಯಿರಿ. ಇವೆಲ್ಲವೂ ಕಣ್ಣಿಗೆ ಕಾಣುವ, ಪರೀಕ್ಷಿಸಬಹುದಾದ ದೋಷಗಳು. ಕೆಟ್ಟ ಡಾಕನ್ನು ಪತ್ತೆಹಚ್ಚಿದರೆ ಒಂದು ಡಾಕ್ ಹೋಗುತ್ತದೆ. ಪೆಟ್ಟಿಗೆಯ ಕೆಟ್ಟ ಬೋರ್ಡನ್ನು ಪತ್ತೆಹಚ್ಚುವುದು ಅದು ಡಿಸ್ಕಿನ ದಾರಿ ಮುಚ್ಚಿದ ಮೇಲೆಯೇ. ಅಡಾಪ್ಟರಿನದೂ ಇದೇ ಕಥೆ: ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಹತ್ತು ಪೆಟ್ಟಿಗೆಗೆ ಹತ್ತು ಅಡಾಪ್ಟರ್ ಇರುವ ಮನೆಯಲ್ಲಿ ಲ್ಯಾಪ್‌ಟಾಪಿನ 19 ವೋಲ್ಟಿನ ಪಿನ್ ತಪ್ಪಿ ಅಲ್ಲಿಗೆ ಸೇರಿದರೆ ಬೋರ್ಡು ಸುಡುತ್ತದೆ. ಡಾಕಿಗೆ ಒಂದೇ ಅಡಾಪ್ಟರ್, ಅದಕ್ಕೊಂದು ಚೀಟಿ ಅಂಟಿಸಿದರೆ ಮುಗಿಯಿತು.

ಇಷ್ಟೆಲ್ಲ ಯಾಕೆ, ಎಲ್ಲವನ್ನೂ ಕ್ಲೌಡಿಗೆ ಏರಿಸಿದರಾಯಿತು ಎನ್ನುವವರಿದ್ದಾರೆ. ಫೋಟೊ, ಕಾಗದಪತ್ರಗಳಿಗೆ ಅದು ಸರಿ. ವಿಡಿಯೊದ ಲೆಕ್ಕ ಬೇರೆ. ಸೆಕೆಂಡಿಗೆ 100 ಮೆಗಾಬಿಟ್ ದರದ 4ಕೆ ಚಿತ್ರೀಕರಣ ಗಂಟೆಗೆ 45 ಜಿಬಿ ತಿನ್ನುತ್ತದೆ. ಎಂಟು ಗಂಟೆಯ ಬಯಲಾಟವನ್ನು ಎರಡು ಕ್ಯಾಮೆರಾದಲ್ಲಿ ಹಿಡಿದರೆ 720 ಜಿಬಿ. ಸೆಕೆಂಡಿಗೆ 50 ಮೆಗಾಬಿಟ್ ಏರಿಸುವ ಲೈನು ಎಡೆಬಿಡದೆ ಸಿಕ್ಕರೂ ಒಂದು ರಾತ್ರಿಯ ಆಟ ಏರಲು 32 ಗಂಟೆ ಬೇಕು. ಅಷ್ಟರಲ್ಲಿ ಮೇಳ ಮುಂದಿನ ಊರಿನಲ್ಲಿ ಇನ್ನೊಂದು ಆಟ ಮುಗಿಸಿರುತ್ತದೆ. ಬಾಡಿಗೆ ನಿಲ್ಲಿಸಿದ ತಿಂಗಳು ಕ್ಲೌಡಿನ ದಾಖಲೆಯೂ ನಿಲ್ಲುತ್ತದೆ. ಎಸ್‌ಎಸ್‌ಡಿ ವೇಗದ್ದು, ಎಡಿಟಿಂಗ್ ಮೇಜಿಗೆ ಅದೇ ಬೇಕು; ಕಪಾಟಿನಲ್ಲಿ ಇಡಲು ಅದು ಬೇಡ. ಬರೆಯುವ ಆಯುಸ್ಸು ಮುಗಿಸಿದ ಸಾಮಾನ್ಯ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ದತ್ತಾಂಶ ಹಿಡಿದಿಟ್ಟರೆ ಸಾಕೆಂದು ಜೆಡೆಕ್ ಸಂಸ್ಥೆಯ ಮಾನದಂಡ ಹೇಳುತ್ತದೆ. ಕಚೇರಿಗಳ ಟೇಪ್ ಯಂತ್ರದಲ್ಲಿ ಟೇಪು ಬೇರೆ ಓದುಗ ಬೇರೆ ಎಂಬ ತತ್ವ ಇದ್ದೇ ಇದೆ, ಆದರೆ ಲಕ್ಷಗಟ್ಟಲೆ ಬೆಲೆಯ ಆ ಯಂತ್ರ ಸಣ್ಣ ಸ್ಟುಡಿಯೊಗೆ ಎಟುಕುವುದಿಲ್ಲ. ಅದೇ ಬುದ್ಧಿಯನ್ನು ಸಣ್ಣ ಜೇಬಿಗೆ ಹೊಂದಿಸಿಕೊಂಡರೆ ಅದೇ ಡಾಕ್.

ನನಗೆ ಬಹಳ ಮುಖ್ಯವೆನಿಸುವುದು ಪ್ರತಿಗಳ ವಿಷಯ. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಪ್ರಚಾರಕ್ಕೆ ತಂದ ನಿಯಮ ಈ ಕ್ಷೇತ್ರದವರಿಗೆಲ್ಲ ಗೊತ್ತು: ಪ್ರತಿ ಮೂರು, ಮಾಧ್ಯಮ ಎರಡು ಬಗೆ, ಒಂದು ಪ್ರತಿ ಬೇರೆ ಜಾಗದಲ್ಲಿ. ಎಲ್ಲರೂ ಒಪ್ಪುತ್ತಾರೆ, ಪಾಲಿಸುವವರು ಕಡಿಮೆ. ಎಕ್ಸ್‌ಟರ್ನಲ್ ಕೊಂಡವರು ಅದನ್ನೇ ಬ್ಯಾಕಪ್ ಎಂದು ಕರೆದು, ಕಂಪ್ಯೂಟರಿನಲ್ಲಿ ಜಾಗ ಮಾಡಲು ಮೂಲವನ್ನು ಅಳಿಸುತ್ತಾರೆ. ಉಳಿಯುವುದು ಒಂದೇ ಪ್ರತಿ. ಬರಿ ಡಿಸ್ಕಿನ ಪದ್ಧತಿ ಈ ಅಭ್ಯಾಸವನ್ನೇ ಬದಲಿಸುತ್ತದೆ. ಡಾಕ್ ಮೇಜಿನ ಮೇಲಿದ್ದರೆ ಎರಡನೆಯ ಪ್ರತಿ ಎಂದರೆ ಇನ್ನೊಂದು ಡಿಸ್ಕ್ ಅಷ್ಟೇ, ಅದರ ಕಾಪಿ ರಾತ್ರಿ ಮಲಗುವಾಗ ಶುರುವಾಗಿ ಬೆಳಗಾಗುವುದರಲ್ಲಿ ಬಹುಪಾಲು ಮುಗಿದಿರುತ್ತದೆ: ಸೆಕೆಂಡಿಗೆ ಸರಾಸರಿ 180 ಎಂಬಿ ಸಾಗಿದರೆ ತುಂಬಿದ 8 ಟಿಬಿ ಡಿಸ್ಕಿಗೆ ಸುಮಾರು 12 ಗಂಟೆ. ಪ್ರತಿಯಾದ ಡಿಸ್ಕ್ ಯಾವ ತಂತಿಗೂ ಅಂಟಿಕೊಂಡಿರುವುದಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಸಿಡಿಲಿಗೆ ಟಿವಿ, ಮೋಡೆಮ್ ಸುಡುವುದು ಪ್ರತಿ ವರ್ಷದ ಸುದ್ದಿ; ಸದಾ ಪ್ಲಗ್ಗಿನಲ್ಲಿರುವ ಪೆಟ್ಟಿಗೆಯಾಗಲಿ, ಮನೆಯ ನೆಟ್‌ವರ್ಕಿಗೆ ಜೋಡಿಸಿದ ನಾಲ್ಕು ಡಿಸ್ಕಿನ ನ್ಯಾಸ್ ಯಂತ್ರವಾಗಲಿ ಆ ಹೊಡೆತಕ್ಕೆ ತೆರೆದುಕೊಂಡಿರುತ್ತದೆ. ಡಬ್ಬಿಯಲ್ಲಿ ಮಲಗಿದ ಡಿಸ್ಕಿಗೆ ಸಿಡಿಲೂ ತಾಗದು, ಕಂಪ್ಯೂಟರಿಗೆ ಬಂದ ವೈರಸ್ಸೂ ತಾಗದು. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದ ತೇವಕ್ಕೆ ಗಾಳಿಯಾಡದ ಡಬ್ಬಿಯೂ ಸಿಲಿಕಾ ಜೆಲ್ ಪೊಟ್ಟಣವೂ ಬೇಕೇ ಬೇಕು. ಡಬ್ಬಿಯ ಮೇಲೆ ಏನಿದೆ, ಯಾವಾಗ ಬರೆದದ್ದು, ಜೋಡಿ ಡಿಸ್ಕ್ ಎಲ್ಲಿದೆ ಎಂಬ ಮೂರು ಸಾಲು. ವರ್ಷಕ್ಕೊಮ್ಮೆ ಪ್ರತಿಯೊಂದನ್ನೂ ಡಾಕಿಗೆ ಹಾಕಿ ಪೂರ್ತಿ ಓದಿಸಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಿ. ಬದಲಿಸಿದ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಆ ಡಿಸ್ಕನ್ನು ನಿವೃತ್ತಿ ಮಾಡಿ.

ಎಕ್ಸ್‌ಟರ್ನಲ್‌ಗೆ ಅದರದೇ ಜಾಗವಿದೆ. ಛತ್ರದ ಮೂಲೆಯಲ್ಲಿ ಲ್ಯಾಪ್‌ಟಾಪಿನಿಂದಲೇ ವಿದ್ಯುತ್ತು ಪಡೆದು ಕಾರ್ಡು ಖಾಲಿ ಮಾಡಿಕೊಳ್ಳಲು, ಗಿರಾಕಿಗೆ ಚಿತ್ರ ಒಪ್ಪಿಸಲು ಅದಕ್ಕಿಂತ ಅನುಕೂಲದ್ದಿಲ್ಲ. ಆ ಕೆಲಸ ಮುಗಿದ ಮೇಲೆ ಅದು ಖಾಲಿಯಾಗಬೇಕು. ಈಗ ನಿಮ್ಮ ಖಾನೆಯಲ್ಲಿರುವ ಕಪ್ಪು ಪೆಟ್ಟಿಗೆಗಳಲ್ಲಿ ಅತಿ ಹಳೆಯದನ್ನು ಹೊರಗೆ ತೆಗೆಯಿರಿ. ಅದರೊಳಗಿನ ಮದುವೆಗಳಿಗೆ, ಆಟಗಳಿಗೆ, ಮಕ್ಕಳ ಮೊದಲ ಹುಟ್ಟುಹಬ್ಬಕ್ಕೆ ಬೇರೆ ಪ್ರತಿ ಇಲ್ಲದಿದ್ದರೆ, ಮುಂದಿನ ಮಳೆಗಾಲಕ್ಕೆ ಮೊದಲು ಒಂದು ಡಾಕ್, ಎರಡು ಬರಿ ಡಿಸ್ಕ್ ಕೊಂಡು ಎರಡರಲ್ಲೂ ತುಂಬಿಸಿ. ಒಂದು ನಿಮ್ಮ ಕಪಾಟಿನಲ್ಲಿರಲಿ, ಇನ್ನೊಂದನ್ನು ಬೇರೆ ಊರಿನಲ್ಲಿರುವ ಅಕ್ಕನ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಇಟ್ಟು ಬನ್ನಿ.